ಅಕ್ಕನ ಜೊತೆ ಹೋದ ಟಿವಿ

ಹೋದ ಭಾನುವಾರ ಶಿಕಾರಿಪುರದ ಒಂದು ಕಲ್ಯಾಣ ಮಂಟಪದಲ್ಲಿ ನಮ್ಮ ಹೈಸ್ಕೂಲು ಬ್ಯಾಚಿನವರೆಲ್ಲ ಸೇರಿದ್ದೆವು. ಬಟ್ಟೆ ಅಂಗಡಿಯ ನಾಗರಾಜನದೇ ಎಲ್ಲ ಏರ್ಪಾಡು. ಮಂಟಪದ ಒಂದು ಮೂಲೆಯಲ್ಲಿ ಚಾಪೆ ಹಾಸಿ ಬುಗುರಿ, ಗೋಲಿ, ಚೌಕಾಬಾರದ ಕವಡೆ, ಟೇಪ್ ರೆಕಾರ್ಡರ್, ಬತ್ತಿ ಸ್ಟೋವ್ ಎಲ್ಲವನ್ನೂ ಜೋಡಿಸಿದ್ದ. ನಡುವೆ ಒಂದು ಹಳೇ ಬ್ಲ್ಯಾಕ್ ಅಂಡ್ ವೈಟ್ ಟಿವಿ. ಎರಡು ಕಡೆಯಿಂದ ಮರದ ಬಾಗಿಲು ಎಳೆದು ಮುಚ್ಚುತ್ತಿದ್ದರಲ್ಲ, ಆ ಜಾತಿಯದು. ಎಲ್ಲರೂ ಸರದಿಯಲ್ಲಿ ಅದರ ಪಕ್ಕ ಕೂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಕೆಲವರಿಗೆ ಕಣ್ಣಲ್ಲಿ ನೀರೇ ಬಂದಿತ್ತು.

ಊಟಕ್ಕೆ ಮುಂಚೆ ನಾಗರಾಜ ಮೈಕು ಹಿಡಿದ. "ಏನ್ ದಿನ ಮಾರಾಯ್ರ ಅವು! ಇಡೀ ಓಣಿಗೆ ಒಂದೇ ಟಿವಿ. ಎಲ್ರೂ ಒಂದೇ ಮನೆಯವ್ರ ಥರ ಕೂತ್ಕಂಡು ನೋಡ್ತಿದ್ವಿ. ಈಗಿನ ಹುಡುಗ್ರಿಗೆ ಆ ಸುಖ ಎಲ್ಲೈತೆ? ನಾನು ಟಿವಿ ಅಂತ ಮೊದ್ಲು ಕಂಡಿದ್ದು ನಮ್ ಮಂಜು ಮನೇಲಿ. ಬಾರೋ ಮಂಜು, ನಿಮ್ಮನೆ ಟಿವಿ ಬಗ್ಗೆ ಎರಡು ಮಾತು ಹೇಳು."

ನಾನು ಮೈಕು ತಗೊಂಡೆ. "ಆ ಟಿವಿ ನಮ್ಮಕ್ಕನ ಮದುವೇಲಿ ಅಕ್ಕನ ಜೊತೆ ಹೋಯ್ತು. ನಾಲ್ಕು ತಿಂಗಳಿಗೆ ಅಕ್ಕ ವಾಪಸ್ ಬಂದ್ಲು. ಟಿವಿ ಬರ್ಲಿಲ್ಲ," ಎಂದೆ.

ಮಂಟಪವೆಲ್ಲ ಗೊಳ್ಳೆಂದು ನಕ್ಕಿತು. ನಾಗರಾಜನಂತೂ ಹೊಟ್ಟೆ ಹಿಡಿದುಕೊಂಡು ನಕ್ಕ. ಮೈಕನ್ನು ಅವನ ಕೈಗೆ ತುರುಕಿ, ಊಟವನ್ನೂ ಬಿಟ್ಟು, ಹೊರಗೆ ಬಂದು ಬೈಕು ಹತ್ತಿದೆ. "ಏನಾತೋ ಇವನಿಗೆ?" ಎಂದು ಹಿಂದೆ ಯಾರೋ ಕೇಳಿದರು.

ಏನಾಯಿತು ಅಂತ ಹೇಳುತ್ತೇನೆ. ಹಳೇ ದಿನಗಳೆಲ್ಲ ಚಿನ್ನದ ದಿನಗಳು ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆ ಟಿವಿಗಳು ಮನೆಗಳಿಗೆ ಹೇಗೆ ಬಂದವು ಅಂತ ಅವರು ಒಮ್ಮೆಯೂ ಕೇಳಿಕೊಳ್ಳುವುದಿಲ್ಲ. ಚಾಪೆಯ ಮೇಲೆ ಕೂತವರನ್ನು ಮಾತ್ರ ಎಣಿಸುತ್ತಾರೆ. ಅಷ್ಟೂ ಜನಕ್ಕೆ ಒಳಗೆ ಚಹಾ ಕಾಸುತ್ತಿದ್ದವಳು ಅವರ ನೆನಪಿನಲ್ಲಿ ಎಲ್ಲೂ ಇಲ್ಲ.

ಅಪ್ಪಾಜಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಸೈಕಲ್ ಶಾಪ್ ಇತ್ತು. ಗಂಟೆ ಬಾಡಿಗೆಗೆ ಸೈಕಲ್ ಕೊಡುವುದು, ಪಂಕ್ಚರ್ ಹಾಕುವುದು ಅವರ ಕೆಲಸ. ಮನೆಯಲ್ಲಿ ಅಪ್ಪಾಜಿ, ಅವ್ವ, ಅಕ್ಕ ಶೈಲಜ, ನಾನು. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು. ಟಿವಿ ಬರುವ ಮೊದಲು ಅವಳೇ ನನಗೊಂದು ಟಿವಿ ಮಾಡಿಕೊಟ್ಟಿದ್ದಳು. ಬಿಸ್ಕತ್ತಿನ ರಟ್ಟಿನ ಡಬ್ಬಿಗೆ ಚೌಕ ಕಿಂಡಿ ಕೊರೆದು, ಮೇಲೊಂದು ಕೆಳಗೊಂದು ಕಡ್ಡಿ ತೂರಿಸಿ, ವಾರಪತ್ರಿಕೆಯ ಚಿತ್ರಗಳನ್ನು ಅಂಟಿಸಿದ ಉದ್ದನೆಯ ಕಾಗದವನ್ನು ಅದಕ್ಕೆ ಸುತ್ತಿದ್ದಳು. ಕಡ್ಡಿ ತಿರುಗಿಸುತ್ತ ಒಂದೊಂದು ಚಿತ್ರಕ್ಕೆ ಒಂದೊಂದು ದನಿಯಲ್ಲಿ ಮಾತಾಡುತ್ತಿದ್ದಳು. ಕಳ್ಳನೂ ಅವಳೇ, ಪೊಲೀಸಿನವನೂ ಅವಳೇ, ವಾರ್ತೆ ಓದುವವಳೂ ಅವಳೇ. ಓಣಿಯ ಹುಡುಗರೆಲ್ಲ ನಮ್ಮ ಕಟ್ಟೆಯ ಮೇಲೆ ಸೇರಿ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ನಾಗರಾಜನೂ ಇದ್ದ. ಅದು ಅವನಿಗೆ ನೆನಪಿಲ್ಲ.

ನಾನು ಐದನೇ ಕ್ಲಾಸಿನಲ್ಲಿದ್ದಾಗ ಅಪ್ಪಾಜಿ ನಿಜವಾದ ಟಿವಿ ತಂದರು. ಓಣಿಗೆ ಅದೇ ಮೊದಲನೆಯದು. ನಾನು ಹೇಗೆ ಮೆರೆದೆ ಅಂತ ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಯಾರು ಮುಂದೆ ಕೂರಬೇಕು, ಯಾರು ಬಾಗಿಲ ಹತ್ತಿರ ಕೂರಬೇಕು ಅಂತ ಹೇಳುವವನು ನಾನೇ. ಹಿಂದಿನ ದಿನ ಗೋಲಿಯಾಟದಲ್ಲಿ ನನ್ನನ್ನು ಸೋಲಿಸಿದವನಿಗೆ ಒಳಗೆ ಪ್ರವೇಶವಿಲ್ಲ.

ಮುಂದಿನ ವರ್ಷ ಯುಗಾದಿ ಕಳೆದ ಮೇಲೆ ಅಕ್ಕನ ಮದುವೆಯಾಯಿತು. ಅವಳು ಪಿಯುಸಿ ಮುಗಿಸಿ, ಟೀಚರ್ ಟ್ರೇನಿಂಗಿಗೆ ಹೋಗುತ್ತೇನೆ ಅಂತ ಅರ್ಜಿ ತರಿಸಿಟ್ಟುಕೊಂಡಿದ್ದಳು. "ಮದುವೆ ಆದ್ಮ್ಯಾಲೆ ಓದಿದ್ರಾತು," ಅಂದರು ಅಪ್ಪಾಜಿ. ಹುಡುಗ ಆನವಟ್ಟಿಯವನು. ಸ್ವಂತ ಗೊಬ್ಬರದ ಅಂಗಡಿ, ಸ್ಕೂಟರು, ನಗುಮುಖ.

ಮನೆ ಮುಂದಿನ ಚಪ್ಪರದಲ್ಲೇ ಮದುವೆ. ತಾಳಿ ಕಟ್ಟಿ, ಮೊದಲ ಪಂಕ್ತಿಯ ಊಟ ಮುಗಿದು, ಎರಡನೆಯದು ಕೂತಿತ್ತು. ಆಗ ಭಾವನ ತಾಯಿ ಅಪ್ಪಾಜಿಯನ್ನು ಪಡಸಾಲೆಗೆ ಕರೆದರು. ನಾನು ಅಲ್ಲೇ ಇದ್ದೆ. ಆಕೆ ದನಿ ಎತ್ತಲಿಲ್ಲ.

"ಬೀಗರೆ, ನಾವು ಬಾಯಿ ಬಿಟ್ಟು ಏನೂ ಕೇಳ್ಲಿಲ್ಲ. ನಿಮಗೇ ಗೊತ್ತೈತೆ. ಹುಡುಗಂಗೆ ಮನೇಲಿ ಒಂದು ಟಿವಿ ಇರ್ಲಿ ಅಂತ ಆಸೆ. ಹೊಸದೇ ಆಗ್ಬೇಕು ಅಂತೇನಿಲ್ಲ. ನಿಮ್ಮನೇಲಿರೋದೇ ಆದ್ರೂ ನಡೀತದೆ. ಹೆಂಗೂ ನೋಡೋಳು ನಿಮ್ಮ ಮಗಳೇ ಅಲ್ಲನ್ರಿ?"

ಅಪ್ಪಾಜಿ, "ಆತು ಬಿಡ್ರಿ ಬೀಗ್ತಿಯವ್ರೆ, ಅದಕ್ಕೇನಂತೆ," ಅಂದರು. ಅಷ್ಟೇ. ಅವರ ಆ ಒಂದು ಮಾತಿನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಅವರು ಸತ್ತು ಎಷ್ಟೋ ವರ್ಷವಾಯಿತು, ಸಿಟ್ಟು ಸತ್ತಿಲ್ಲ. ಅದಕ್ಕೇನಂತೆ!

ಜನ ಹೋಳಿಗೆ ಉಣ್ಣುತ್ತಿರುವಾಗಲೇ ಸೈಕಲ್ ಶಾಪಿನ ಆಳು ಮಾಡು ಹತ್ತಿ ಆಂಟೆನಾ ಬಿಚ್ಚಿದ. ಟಿವಿಯನ್ನು ದುಪ್ಪಟಿಯಲ್ಲಿ ಸುತ್ತಿ ವ್ಯಾನಿಗೆ ಹೊತ್ತರು. ನಾನು ವ್ಯಾನಿನ ಬಾಗಿಲಿಗೆ ಅಡ್ಡ ನಿಂತು ಕಿರುಚಿದೆ. "ಅಕ್ಕನ್ನ ಬೇಕಾದ್ರೆ ಕರ್ಕಂಡು ಹೋಗ್ರಿ, ಟಿವಿ ಬಿಡ್ರೀ!"

ಚಪ್ಪರವೆಲ್ಲ ನಕ್ಕಿತು. ಅಳುತ್ತಿದ್ದ ಅಕ್ಕನೂ ನಕ್ಕಳು. ಮುಂದೆ ಎಷ್ಟೋ ಮದುವೆ, ಸೀಮಂತಗಳಲ್ಲಿ ನೆಂಟರು ಈ ಮಾತನ್ನು ಹೇಳಿಕೊಂಡು ನಕ್ಕಿದ್ದಾರೆ. ಅದು ತಮಾಷೆಯಾಗಿರಲಿಲ್ಲ. ನಾನು ಮನಸ್ಸಿನಿಂದಲೇ ಹೇಳಿದ್ದೆ.

ಟಿವಿ ಇಲ್ಲದ ಮನೆಯಲ್ಲಿ ನನ್ನ ಗೋಳು ತಡೆಯಲಾರದೆ ಅವ್ವ ನನ್ನನ್ನು ಬೇಸಿಗೆ ರಜೆಗೆ ಆನವಟ್ಟಿಗೆ ಕಳಿಸಿದಳು. ಆ ರಜೆಯಲ್ಲಿ ನಾನು ಬಲು ಸುಖವಾಗಿದ್ದೆ. ಇದನ್ನು ಮುಚ್ಚಿಡುವುದಿಲ್ಲ. ಭಾವ ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಸಂತೆಗೆ ಕರೆದೊಯ್ಯುತ್ತಿದ್ದರು. ಪೆಪ್ಪರಮೆಂಟು, ಬತ್ತಾಸು, ಒಂದು ತಗಡಿನ ಪೀಪಿ ಕೊಡಿಸಿದರು. ಅವರ ಕೈ ಹಿಡಿದು ನಡೆಯುವುದೆಂದರೆ ನನಗೆ ಹೆಮ್ಮೆ. ಟಿವಿಯ ಗಾಜಿಗೆ ಅವರೊಂದು ಬಣ್ಣದ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದರು. ಮೇಲೆ ನೀಲಿ, ನಡುವೆ ಕೆಂಪು, ಕೆಳಗೆ ಹಸಿರು. ತೆರೆಯ ಮೇಲೆ ಯಾರೇ ಬರಲಿ, ತಲೆ ನೀಲಿ, ಹೊಟ್ಟೆ ಕೆಂಪು, ಕಾಲು ಹಸಿರು. "ಕಲರ್ ಟಿವಿ ಆತು ನೋಡೋ ಮಂಜು," ಅನ್ನುತ್ತಿದ್ದರು.

ಭಾನುವಾರ ಬೆಳಿಗ್ಗೆ ಧಾರಾವಾಹಿ, ಸಂಜೆ ಸಿನಿಮಾ. ಪಡಸಾಲೆ ಕಿಕ್ಕಿರಿಯುತ್ತಿತ್ತು. ಭಾವನ ತಾಯಿ ಕುರ್ಚಿಯಲ್ಲಿ, ಅಕ್ಕಪಕ್ಕದ ಹೆಂಗಸರು ಗೋಡೆಗೊರಗಿ, ಮಕ್ಕಳು ನೆಲದಲ್ಲಿ. ಎಲ್ಲರಿಗಿಂತ ಮುಂದೆ ನಾನು. ಅಕ್ಕ ಅಡುಗೆಮನೆಯಲ್ಲಿ. "ಅಕ್ಕಾ ಬಾರೆ, ಶುರುವಾತು," ಅಂತ ನಾನು ಕೂಗಿದರೆ ಸೆರಗಿಗೆ ಕೈ ಒರೆಸಿಕೊಂಡು ಬಾಗಿಲ ತನಕ ಬರುತ್ತಿದ್ದಳು. ಅವಳ ಅತ್ತೆ ಹಿಂದಕ್ಕೆ ತಿರುಗದೆಯೇ, "ಶೈಲಾ, ಹಾಲು ಉಕ್ತದೆ ನೋಡು," ಅನ್ನುತ್ತಿದ್ದರು. ಒಂದು ದಿನವೂ ಅವಳು ಆ ಟಿವಿಯ ಮುಂದೆ ಕೂತಿದ್ದನ್ನು ನಾನು ಕಾಣಲಿಲ್ಲ. ಮಧ್ಯಾಹ್ನ ಹಿತ್ತಲಲ್ಲಿ ಪಾತ್ರೆ ತಿಕ್ಕುವಾಗ ನನ್ನನ್ನೇ ಕೇಳುತ್ತಿದ್ದಳು. "ಆಮ್ಯಾಲೇನಾತು? ಆ ಹುಡುಗಿ ಸಿಕ್ಕಿದ್ಲಾ?" ಒಂದು ಡಬ್ಬಿಯಿಂದ ಹತ್ತು ಜನರ ದನಿ ಹೊರಡಿಸುತ್ತಿದ್ದವಳು, ಗಡಿಬಿಡಿಯಲ್ಲಿ ನಾನು ಅರ್ಧಂಬರ್ಧ ಹೇಳುವ ಕತೆಯನ್ನು ಕಣ್ಣರಳಿಸಿ ಕೇಳುತ್ತಿದ್ದಳು. ನನಗೆ ಬೇಜಾರು. ಆಡಲು ಹೋಗಬೇಕಿತ್ತು.

ಮೇ ತಿಂಗಳ ಒಂದು ಭಾನುವಾರ. ಧಾರಾವಾಹಿಯ ನಡುವೆ ಚಿತ್ರ ಉರುಳತೊಡಗಿತು. ತಟ್ಟಿದರೂ ನಿಲ್ಲಲಿಲ್ಲ, ಆಂಟೆನಾ ತಿರುಗಿಸಿದರೂ ನಿಲ್ಲಲಿಲ್ಲ. ಪಕ್ಕದ ಮನೆಯ ಹೆಂಗಸೊಬ್ಬಳು, "ಮೇಲಿನ ಓಣಿಯವ್ರ ಸೊಸೆ ಕಲರ್ ಟಿವಿನೇ ತಂದಾಳಂತ್ರಿ, ಅಲ್ಲಿಗೇ ಹೋಗಾನ," ಅಂದಳು. ಒಬ್ಬೊಬ್ಬರಾಗಿ ಎದ್ದು ಹೋದರು. ಪಡಸಾಲೆ ಖಾಲಿಯಾಯಿತು. ಭಾವನ ತಾಯಿ ಕುರ್ಚಿಯಿಂದ ಏಳದೆ, ಯಾರಿಗೂ ಅಲ್ಲ ಎಂಬಂತೆ, "ಸೈಕಲ್ ಪಂಕ್ಚರ್ ಹಾಕೋರ ಮನೆ ಸಾಮಾನು, ಇನ್ನೆಂಗಿರ್ತದೆ," ಅಂದರು. ಭಾವ ಎದ್ದು ಒಳಗೆ ಹೋದರು.

ನನಗೆ ನೀರಡಿಕೆಯಾಗಿತ್ತು. ಎರಡು ನಿಮಿಷ ಬಿಟ್ಟು ನಾನೂ ಅಡುಗೆಮನೆಗೆ ಹೋದೆ. ಬಾಗಿಲಲ್ಲೇ ನಿಂತುಬಿಟ್ಟೆ. ಭಾವ ಅಕ್ಕನ ಜಡೆಯನ್ನು ಕೈಗೆ ಸುತ್ತಿಕೊಂಡು ಅವಳ ತಲೆಯನ್ನು ಒಲೆಯ ಪಕ್ಕದ ಗೋಡೆಗೆ ಬಡಿಯುತ್ತಿದ್ದರು. ಬೈಗುಳವಿಲ್ಲ, ಕೂಗಾಟವಿಲ್ಲ. ತೆಂಗಿನಕಾಯಿ ಒಡೆಯುವವರು ಒಂದೇ ಸಮನೆ ಬಡಿಯುವ ಹಾಗೆ, ಮಾಡುವ ಕೆಲಸದ ಮೇಲೆ ಗಮನವಿಟ್ಟು. ಅಕ್ಕನೂ ಕೂಗಲಿಲ್ಲ. ಕಣ್ಣು ಮುಚ್ಚಿದ್ದಳು. ನಾನು ಹಿಂದೆ ಹೆಜ್ಜೆ ಇಟ್ಟು ಪಡಸಾಲೆಗೆ ಬಂದು ಟಿವಿಯ ಮುಂದೆ ಕೂತೆ. ಸ್ವಲ್ಪ ಹೊತ್ತಿಗೆ ಭಾವ ಹೊರಬಂದರು. ಟಿವಿಯ ಹಿಂದಿನ ತಿರುಪನ್ನು ಏನೋ ಮಾಡಿದರು. ಚಿತ್ರ ನಿಂತಿತು. "ನೋಡು, ಸರಿಯಾತು," ಅಂದು ನನ್ನ ತಲೆ ಸವರಿದರು. ನಾನು ಧಾರಾವಾಹಿ ನೋಡಿದೆ. ಪೂರ್ತಿ ನೋಡಿದೆ.

ಮಧ್ಯಾಹ್ನ ಅಕ್ಕನ ಹಣೆಯ ಮೇಲೆ ಅಡಿಕೆಯಷ್ಟು ದಪ್ಪ ಬುಗುಟೆ ಎದ್ದಿತ್ತು. ನಾನು ನೋಡುವುದನ್ನು ಕಂಡು ಅವಳೇ, "ಬಾಗ್ಲು ಬಡೀತು. ಊರಲ್ಲಿ ಹೇಳ್ಬ್ಯಾಡ ತಮ್ಮಾ, ಅವ್ವ ಸುಮ್ಸುಮ್ನೆ ಗಾಬರಿ ಆಗ್ತಾಳೆ," ಅಂದಳು. ನನಗೆ ಹಗುರವಾಯಿತು. ಹೇಳಬೇಡ ಅಂತ ಅವಳೇ ಅಂದಮೇಲೆ ಇನ್ನೇನು? ಹೇಳಿದರೆ ಏನಾಗುತ್ತದೆ ಅಂತ ನಾನು ಆಗಲೇ ಯೋಚಿಸಿದ್ದೆ. ಅಪ್ಪಾಜಿ ಬಂದು ನನ್ನನ್ನು ಕರೆದುಕೊಂಡು ಹೋಗುತ್ತಾರೆ. ಇನ್ನೂ ಎರಡು ಭಾನುವಾರ ಬಾಕಿ ಇತ್ತು.

ರಜೆ ಮುಗಿಯಿತು. ಅಕ್ಕ, ಅವಳ ಅತ್ತೆ ಇಬ್ಬರೂ ಬಸ್ಸಿಗೆ ಬಿಡಲು ಬಂದರು. ಕಿಟಕಿಯ ಸರಳಿನ ಮೇಲಿದ್ದ ನನ್ನ ಕೈಯನ್ನು ಅಕ್ಕ ಹಿಡಿದುಕೊಂಡಳು. "ಅವ್ವ ಕೇಳಿದ್ರೆ ಏನ್ ಹೇಳ್ತೀಯ?" ಎಂದಳು.

"ಚೆನ್ನಾಗಿದಾಳೆ ಅಂತೀನಿ."

ಅವಳು ನನ್ನನ್ನೇ ನೋಡಿದಳು. ಬಸ್ಸು ಹೊರಟ ಮೇಲೂ ಕೈ ಬಿಡದೆ ನಾಲ್ಕು ಹೆಜ್ಜೆ ಬಂದಳು. ಮನೆಯಲ್ಲಿ ಅವ್ವ ಕೇಳಿದಳು. ನಾನು, "ಚೆನ್ನಾಗಿದಾಳೆ. ದಸರಾ ರಜಕ್ಕೂ ಹೋಗ್ಲಾ?" ಅಂದೆ.

ಆಷಾಢದ ಒಂದು ದಿನ, ಬೆಳಗಿನ ಬಸ್ಸಿಗೆ ಅಕ್ಕ ಬಂದಳು. ಶಿರಾಳಕೊಪ್ಪದಲ್ಲಿ ಬಸ್ಸು ಬದಲಾಯಿಸುವಾಗ ನೆನೆದು ತೊಪ್ಪೆಯಾಗಿದ್ದಳು. ಕೈಯಲ್ಲಿ ಒಂದೇ ಚೀಲ. ಜ್ವರ ಅಂತ ನಾನು ಶಾಲೆಗೆ ಹೋಗಿರಲಿಲ್ಲ, ಬಾಗಿಲು ತೆಗೆದವನು ನಾನೇ. ಅವಳ ಮುಖ ನೋಡಲಿಲ್ಲ. ಅವಳ ಹಿಂದೆ ಬೀದಿಯಲ್ಲಿ ವ್ಯಾನೋ ಗಾಡಿಯೋ ನಿಂತಿದೆಯೇ ಅಂತ ನೋಡಿದೆ.

"ಟಿವಿ ತಂದಿಲ್ವಾ?"

ಅವ್ವ ಅದುವರೆಗೆ ನನಗೆ ಹೊಡೆದವಳಲ್ಲ. ಅವತ್ತು ಹೊಡೆದಳು. ಆಮೇಲೆ ಅಕ್ಕನನ್ನು ಬಚ್ಚಲಿಗೆ ಕರೆದುಕೊಂಡು ಹೋಗಿ ತಲೆಗೆ ನೀರು ಹಾಕಿದಳು. ಒಳಗಿನಿಂದ ಅವ್ವನ ದನಿ ಕೇಳಿಸಿತು. "ಇದೇನೇ ಇದು? ಇಲ್ಲೂ ಐತಲ್ಲೇ! ಇಲ್ಲೂ..." ಕೂದಲ ಅಡಿಯಲ್ಲಿ ಹಳೆಯ ಗಾಯ, ಹೊಸ ಗಾಯ. ಹಣೆಯ ಮೇಲೆ ಮತ್ತೆ ಗುರುತು ಬೀಳದ ಹಾಗೆ ಭಾವ ನೋಡಿಕೊಂಡಿದ್ದರು.

ಮೂರನೆಯ ದಿನ ಅವರು ಬಂದರು. ಭಾವ, ಅವರ ತಾಯಿ, ಹಿರಿಯರು ಅಂತ ಒಬ್ಬ ಸೋದರಮಾವ. ಅಪ್ಪಾಜಿ ಅಂಗಡಿ ಮುಚ್ಚಿ ಬಂದು, ಅಳಿಯನಿಗೆ ಕಾಲು ತೊಳೆಯಲು ನೀರು ಕೊಟ್ಟರು! ಚಾಪೆ ಹಾಸಿ ಕೂರಿಸಿ, "ಸಣ್ಣ ಹುಡುಗಿ, ತಿಳುವಳಿಕೆ ಇಲ್ಲ. ಹೊಂದ್ಕಂಡು ಹೋಗು ಅಂತ ನಾವೂ ಹೇಳ್ತೀವಿ," ಅಂದರು. ಅಕ್ಕ ನಡುಮನೆಯ ಬಾಗಿಲ ಹಿಂದೆ ನಿಂತಿದ್ದಳು.

ಭಾವ ನಗುತ್ತಲೇ ಇದ್ದರು. "ಮಾವನೋರೆ, ನಾನು ಒಂದು ದಿನಾನಾದ್ರೂ ಕೈ ಮಾಡೀನಾ? ಮಂಜು ಇಡೀ ರಜಾ ನಮ್ಮನೇಲೇ ಇದ್ನಲ್ಲ. ಅವನ್ನೇ ಕೇಳ್ರಿ. ಮಕ್ಕಳು ಸುಳ್ಳು ಹೇಳಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ಭಾವ ಸಂತೆಯಲ್ಲಿ ನೋಡುತ್ತಿದ್ದ ಹಾಗೆಯೇ ಪ್ರೀತಿಯಿಂದ ನೋಡುತ್ತಿದ್ದರು. ಬಾಗಿಲ ಹಿಂದೆ ಅಕ್ಕನ ಸೀರೆಯ ಅಂಚು ಕಾಣುತ್ತಿತ್ತು.

"ನಂಗೊತ್ತಿಲ್ಲ. ನಾನು ಟಿವಿ ನೋಡ್ತಿದ್ದೆ," ಅಂದೆ.

"ಕೇಳಿದ್ರಲ್ಲ," ಅಂದರು ಭಾವನ ತಾಯಿ. "ನಮ್ಮನೇಲಿ ಏನು ಕಮ್ಮಿ ಮಾಡೀವಿ ಇವಳಿಗೆ? ಟಿವಿ ಐತೆ, ಎಲ್ಲ ಐತೆ."

ಅಷ್ಟು ಹೊತ್ತೂ ಅಡುಗೆಮನೆಯಲ್ಲಿದ್ದ ಅವ್ವ ಹೊರಗೆ ಬಂದಳು. ಬೀಗರ ಮುಂದೆ ಸೆರಗು ಹೊದ್ದು ತಲೆ ತಗ್ಗಿಸಿ ಮಾತಾಡುವವಳು, ಅವತ್ತು ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದ್ದಳು. "ಟಿವಿ ನೀವೇ ಇಟ್ಕಳ್ರಿ," ಅಂದಳು. "ಅದಕ್ಕೆ ನೋವಾಗಲ್ಲ. ಎಷ್ಟು ಬೇಕಾದ್ರೂ ಗ್ವಾಡಿಗೆ ಬಡೀರಿ. ನನ್ನ ಮಗಳನ್ನ ಕಳ್ಸಲ್ಲ."

"ಏಯ್, ಒಳಗೋಗು ನೀನು," ಅಂದರು ಅಪ್ಪಾಜಿ.

"ಹೋಗಲ್ಲ. ಅವಳ ತಲೆ ಮುಟ್ಟಿ ನೋಡ್ರಿ ನೀವು. ಮುಟ್ಟಿ ನೋಡಿ, ಆಮ್ಯಾಲೆ ಹೊಂದ್ಕಂಡು ಹೋಗು ಅನ್ರಿ. ಶೈಲಾ, ಬಾರೇ ಇಲ್ಲಿ!"

ಅಕ್ಕ ಬಂದು ಅಪ್ಪಾಜಿಯ ಮುಂದೆ ಕೂತು ಜಡೆ ಬಿಚ್ಚಿದಳು. ಅಪ್ಪಾಜಿ ಕೈ ಎತ್ತಿದರು. ಮುಟ್ಟಲಾಗಲಿಲ್ಲ. ಎದ್ದು ಹಿತ್ತಲಿಗೆ ಹೋದವರು ಬೀಗರು ಹೋಗುವ ತನಕ ಒಳಗೆ ಬರಲಿಲ್ಲ. ಮಗಳನ್ನು ಉಳಿಸಿಕೊಂಡವಳು ಅವ್ವ ಒಬ್ಬಳೇ. ಓಣಿಯವರು, ನಮ್ಮ ಮನೆಯಲ್ಲಿ ಕೂತು ಸಿನಿಮಾ ನೋಡಿದ್ದ ಅದೇ ಒಂದೇ ಮನೆಯವರಂಥ ಜನ, ಆಮೇಲೆ ಅಕ್ಕನ ಬೆನ್ನ ಹಿಂದೆ ಆಡಿದ ಮಾತುಗಳನ್ನು ಇಲ್ಲಿ ಬರೆಯುವುದಿಲ್ಲ. ನಾಗರಾಜನ ಅವ್ವ ಅವರಿಗೆಲ್ಲ ಮುಂದಾಳು.

ಆನವಟ್ಟಿಯ ಆ ಮನೆಗೆ ಮುಂದಿನ ವರ್ಷವೇ ಇನ್ನೊಬ್ಬ ಸೊಸೆ ಬಂದಳು. ಅವಳ ಜೊತೆ ಕಲರ್ ಟಿವಿ ಬಂತಂತೆ. ಆ ಹುಡುಗಿ ಏನಾದಳೋ ಗೊತ್ತಿಲ್ಲ. ನಾವು ಯಾರೂ ಹೋಗಿ ಅವಳ ತವರಿಗೆ ಒಂದು ಮಾತು ಹೇಳಲಿಲ್ಲ. ನಮ್ಮ ಮನೆ ಬದುಕಿತಲ್ಲ, ಸಾಕು ಅಂದುಕೊಂಡೆವು. ಅದೂ ನನಗೆ ಸಿಟ್ಟಿನ ವಿಷಯವೇ.

ಅಕ್ಕ ಟ್ರೇನಿಂಗ್ ಮಾಡಲಿಲ್ಲ, ವಯಸ್ಸು ಮೀರಿತು ಅಂದರು. ಆದರೆ ಸೊರಬ ತಾಲೂಕಿನ ಹೊಸಬಾಳೆಯಲ್ಲಿ ಅಂಗನವಾಡಿ ಟೀಚರ್ ಆದಳು. ಅಲ್ಲೇ ಎರಡು ಕೋಣೆಯ ಮನೆ ಕಟ್ಟಿಸಿಕೊಂಡಿದ್ದಾಳೆ. ಗೋಡೆಯ ತುಂಬ ದೊಡ್ಡ ಟಿವಿ. ಸಂಜೆ ಆರರಿಂದ ಅವಳ ಧಾರಾವಾಹಿಗಳು. ಪಕ್ಕದ ಮನೆಯ ಹೆಂಗಸರಿಬ್ಬರು ಬರುತ್ತಾರೆ. ನಡುವೆ ಯಾರಾದರೂ ಚಹಾ ಕೇಳಿದರೆ, "ಒಲೆ ಅಲ್ಲೈತೆ, ಮಾಡ್ಕಳ್ರಿ," ಅನ್ನುತ್ತಾಳೆ.

ಹೋದ ಭಾನುವಾರ ಮಂಟಪದಿಂದ ಹೊರಟವನು ನೇರ ಅಲ್ಲಿಗೇ ಹೋದೆ. ಬಿಸಿಲಿನ್ನೂ ಇತ್ತು. ಅಕ್ಕ ಮನೆ ಮುಂದಿನ ಕಟ್ಟೆಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದಳು. ನಾನು ಹೆಲ್ಮೆಟ್ಟನ್ನೂ ಕೆಳಗಿಡದೆ ಹೇಳಿಬಿಟ್ಟೆ.

"ಅಕ್ಕ, ಅವತ್ತು ಆನವಟ್ಟೀಲಿ ಅಡುಗೆಮನೆ ಬಾಗ್ಲಲ್ಲಿ ನಾನಿದ್ದೆ. ನೋಡಿದ್ದೆ."

ಅವಳು ಕೈ ನಿಲ್ಲಿಸಲಿಲ್ಲ. "ಗೊತ್ತು," ಅಂದಳು.

"ನೀನು ಕಣ್ಣು ಮುಚ್ಚಿದ್ದೆ."

"ನಿನ್ನ ನೋಡಿದ್ಮ್ಯಾಲೆ ಮುಚ್ಚಿದ್ದು." ಎರಡು ಕಾಯಿ ಸುಲಿದಳು. "ಹೇಳ್ಬ್ಯಾಡ ಅಂದೆ, ನಿಜ. ಅತ್ತೆ ಪಕ್ಕದ ಕೋಣೇಲೇ ಇದ್ರು. ಬಸ್ಸಿನ ಹತ್ರಾನೂ ಜೊತೇಲೇ ಬಂದ್ರು. ಬ್ಯಾರೆ ಏನು ಅನ್ಲಿ ನಾನು? ನೀನು ಹೋಗಿ ಅವ್ವಂಗೆ ಹೇಳೇ ಹೇಳ್ತೀಯ ಅಂದ್ಕಂಡಿದ್ದೆ. ಅವ್ವ ಇವತ್ತು ಬರ್ತಾಳೆ, ನಾಳೆ ಬರ್ತಾಳೆ ಅಂತ ದಿನಾ ಬಸ್ಸಿನ ಹೊತ್ತಿಗೆ ಬಾಗ್ಲಿಗೆ ಬರ್ತಿದ್ದೆ. ಎರಡು ತಿಂಗ್ಳು ಕಾದೆ. ಆಮ್ಯಾಲೆ ನಾನೇ ಬಸ್ಸು ಹತ್ತಿದೆ."

ನನ್ನ ಬಾಯಿಂದ ಬಂದದ್ದು ಇಷ್ಟೇ. "ನಂಗೆ ಹನ್ನೊಂದು ವರ್ಷ ಅಕ್ಕ."

"ಹೌದು. ಅದಕ್ಕೇ ಬಿಟ್ಟಿದೀನಿ," ಅಂದಳು. "ಮರ್ತಿದೀನಿ ಅಂತಲ್ಲ."

ಆಮೇಲೆ ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು. ಸುಲಿಯದ ಕಾಯಿಯಲ್ಲಿ ಅರ್ಧ ಬಾಚಿ ನನ್ನ ಕಡೆ ತಳ್ಳಿದಳು.

"ನಿಂತ್ಕಬ್ಯಾಡ. ಕೂತು ಸುಲಿ."